ತೆಲಿಗಿಗೆ ಹೋದ ಮೆಸೇಜು

ಹರಪನಹಳ್ಳಿಯಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಗಳನ್ನು ಬಾಡಿಗೆಗೆ ಕೊಡುವ ಮಂಜಣ್ಣನ ಅಂಗಡಿಯಲ್ಲಿ ಗವಿಸಿದ್ದೇಶ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ನಾಳೆ ಯಂತ್ರ ಯಾರ ಕಣಕ್ಕೆ ಮೊದಲು, ಯಾರದಕ್ಕೆ ಆಮೇಲೆ ಎಂದು ಆಯಾ ಊರಿನ ರೈತರಿಗೆಲ್ಲ ಸಂಜೆ ಮೆಸೇಜು ಹೋಗಬೇಕು. ಅದಕ್ಕಾಗಿ ಅವನೇ ಶೆಲ್ ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಪ್ರೋಗ್ರಾಮು ಬರೆದಿದ್ದ. ಅದರ ಬಗ್ಗೆ ತುಸು ಹೆಮ್ಮೆಯೂ ಇತ್ತು.

ಸುಗ್ಗಿಯಲ್ಲಿ ಫೋನು ಎತ್ತುವುದೂ ಅವನದೇ ಕೆಲಸ. ತೆಲಿಗಿ ಊರಿನ ನಾಗಲಿಂಗಮ್ಮ ಬೆಳಿಗ್ಗೆ, ಊಟದ ಹೊತ್ತಿಗೆ, ಮತ್ತೆ ಸಂಜೆ ಕೇಳುತ್ತಿದ್ದಳು: "ತಮ್ಮಾ, ಮಿಷಿನ್ನು ಯಾವಾಗ ಬರ್ತೈತಿ? ಮೋಡ ಆಗೈತಿ ನೋಡಪ್ಪಾ."

"ಮೆಸೇಜು ಬರ್ತೈತಿ ಬಿಡ್ರಿ" ಎಂದು ಇವನು ಇಟ್ಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ನೋಡಿದರೆ ಸರದಿಯ ಪಟ್ಟಿಯಲ್ಲಿ ಅವಳ ಹೆಸರೇ ಬಿಟ್ಟುಹೋಗುತ್ತಿತ್ತು. ಸ್ಕ್ರಿಪ್ಟಿನಲ್ಲಿ ಸರದಿ ಹೇಳುವ ಭಾಗ, ಅಂದರೆ ಫಂಕ್ಷನ್ನು, ಅವಳ ಹೆಸರಿನವರೆಗೆ ಬರುತ್ತಿದೆಯೇ ಎಂದು ತಿಳಿಯಲು ನಡುವೆ, ಕೊಟ್ಟ ಮಾತನ್ನು ಹಾಗೇ ಮುದ್ರಿಸುವ ಒಂದು ಎಕೋ ಸಾಲು ಹಾಕಿದ: "ಪೀಡೆ ಬಂತು." ತಪ್ಪು ಸಿಕ್ಕಿತು, ಸರಿಮಾಡಿದ. ಆ ಸಾಲನ್ನು ಅಳಿಸಲು ಮರೆತ.

ಶೆಲ್ಲಿನಲ್ಲಿ ರಿಟರ್ನ್ ಎಂಬ ಆಜ್ಞೆ ಮರಳಿಸುವುದು ಒಂದು ಸಣ್ಣ ಅಂಕಿಯನ್ನಷ್ಟೆ, ಕೆಲಸ ಆಯಿತೋ ಇಲ್ಲವೋ ಎನ್ನಲು. ಹೆಸರು, ಮಾತು ಬೇಕಾದರೆ ಫಂಕ್ಷನ್ನು ಅದನ್ನು ಎಕೋದಿಂದ ಮುದ್ರಿಸಬೇಕು. ಫಂಕ್ಷನ್ನು ಮುದ್ರಿಸಿದ್ದನ್ನೆಲ್ಲ ಸ್ಕ್ರಿಪ್ಟು ಉತ್ತರವೆಂದೇ ಹಿಡಿದು ಮೆಸೇಜಿಗೆ ಸೇರಿಸುತ್ತದೆ. ಗವಿಸಿದ್ದೇಶನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ.

ಸಂಜೆ ತೆಲಿಗಿಯ ಫೋನುಗಳಿಗೆಲ್ಲ ಹೋದದ್ದು: "ನಾಳೆ ಸರದಿ: ಬೊಮ್ಮಪ್ಪ, ಪೀಡೆ ಬಂತು, ನಾಗಲಿಂಗಮ್ಮ, ದುರುಗಣ್ಣ."

ಮಂಜಣ್ಣ ತನ್ನ ಫೋನನ್ನು ಅವನ ಮುಖದ ಮುಂದೆ ಹಿಡಿದ. "ಏನಲೇ ಇದು? ಕಟ್ಟಿ ಮ್ಯಾಲ ಕುಂತು ಊರ ಮಂದಿ ಓದಿ ಓದಿ ನಗಾಕ ಹತ್ಯಾರಂತ."

ಬೆಳಿಗ್ಗೆ ಗವಿಸಿದ್ದೇಶ್ ತೆಲಿಗಿ ಬಸ್ಸು ಹತ್ತಿದ. ನಾಗಲಿಂಗಮ್ಮ ಕಣದಲ್ಲಿ ತಾಡಪಾಲು ಸರಿಸಿ ತೆನೆ ಹರಡುತ್ತಿದ್ದಳು. ಅವನು ದಾರಿಯುದ್ದಕ್ಕೂ ಹೊಂದಿಸಿಕೊಂಡದ್ದನ್ನು ಹೇಳತೊಡಗಿದ. "ಅವ್ವಾ, ಕಂಪ್ಯೂಟರ್‌ನ್ಯಾಗ ಏನಾಗ್ತೈತಿ ಅಂದ್ರ, ಒಳಗ ಬರದಿದ್ದೆಲ್ಲ ಹೊರಗ ಬಂದುಬಿಡ್ತೈತಿ..."

ಅವಳು ಪೂರಾ ಕೇಳಿಸಿಕೊಂಡಳು. "ಆ ಮಾತು ಕಂಪ್ಯೂಟರ್ ತಾನಾಗೇ ಬರದಿದ್ದೇನಪ್ಪಾ?"

ಅವನು ಇಷ್ಟು ಹೊತ್ತು ಹೇಳಿದ್ದು ಮಾತು ಹೊರಗೆ ಹೋದ ಬಗೆ. ಒಳಗೆ ಯಾಕಿತ್ತು ಎಂಬುದನ್ನು ಹೇಳಿರಲಿಲ್ಲ.

"ಇಲ್ಲರಿ. ನಾನ ಬರದಿದ್ದು."

"ನನಗ ಓದಾಕ ಬರಂಗಿಲ್ಲ. ಮೆಸೇಜು ಬಂದ್ರ ನನಗೇನು ತಿಳೀತೈತಿ? ಅದಕ್ಕ ಫೋನ್ ಮಾಡ್ತಿದ್ದೆ."

"ತಪ್ಪಾತು ಅಂತ ಎಲ್ಲರಿಗೂ ಇನ್ನೊಂದು ಕಳಿಸ್ತೀನ್ರಿ."

"ಬ್ಯಾಡ. ಮತ್ತ ಮಂದಿಗೆ ನೆನಪು ಮಾಡಬ್ಯಾಡ" ಎಂದಳು. ಚಾ ಕೊಟ್ಟಳು. ತಲೆ ಎತ್ತದೆ ಕುಡಿದು ಬಂದ.

ಮುಂದಿನ ಸುಗ್ಗಿಯಲ್ಲಿ ಅವಳ ಪರವಾಗಿ ಪಕ್ಕದ ಕಣದ ಬೊಮ್ಮಪ್ಪ ಫೋನು ಮಾಡಿದ. "ಅವ್ವಗ ಕೊಡ್ರಿ, ನಾನ ಹೇಳ್ತೀನಿ" ಎಂದ ಗವಿಸಿದ್ದೇಶ್. ಆ ಕಡೆ ಸಣ್ಣಗೆ ಅವಳ ದನಿ ಕೇಳಿಸಿತು: "ಬ್ಯಾಡ, ನೀನ ಕೇಳು."

ಅವನು ಯಂತ್ರ ಬರುವ ಹೊತ್ತನ್ನು ಬಿಡಿಸಿ ಎರಡು ಸಲ ಹೇಳಿದ. ಬೊಮ್ಮಪ್ಪ ಅದನ್ನು ಅವಳಿಗೆ ಜೋರಾಗಿ ಹೇಳುತ್ತಿರುವಾಗಲೇ ಫೋನು ಕಟ್ಟಾಯಿತು.