ಸದ್ದು ಮಾಡದ ಮಾವ

ಯುದ್ಧಕಾಲದಲ್ಲಿ ಜಲಾಂತರ್ಗಾಮಿಯ ಇಂಜಿನ್ ನೋಡಿಕೊಂಡಿದ್ದ ನಮ್ಮ ಮಾವನದು ಇವತ್ತಿಗೂ ಬೆಕ್ಕಿನ ಹೆಜ್ಜೆ. ಅವರು ಬಾಗಿಲು ಮುಚ್ಚಿದರೆ ಬಾಗಿಲಿಗೇ ಗೊತ್ತಾಗುವುದಿಲ್ಲ. ಸೀನು ಬಂದರೆ ದಿಂಬು ಹುಡುಕುತ್ತಾರೆ. “ಜಗಳಾನಾದ್ರೂ ಬಾಯಿಬಿಟ್ಟು ಆಡ್ರೀ, ನಾನೊಬ್ಬಳೇ ಕೂಗಾಡಿ ಬೀದಿಗೆಲ್ಲ ಗಯ್ಯಾಳಿ ಅನ್ನಿಸಿಕೊಂಡೆ” ಅಂತ ಅತ್ತೆಯ ದೂರು. ಮೊನ್ನೆ ನನ್ನ ಮಗಳು ಬಾಗಿಲಸಂದಿಗೆ ಬೆರಳು ಸಿಕ್ಕಿಸಿಕೊಂಡು ಕಿರುಚಿದಾಗ, ಮಾವನಿಗೆ ತೊಂದರೆಯಾದೀತೆಂದು ಅವಳ ಬಾಯಿ ಮುಚ್ಚಿಸಹೋದೆ. ಮಾವ ಓಡಿಬಂದು ನನ್ನ ಕೈ ಸರಿಸಿದರು. “ಅಳಲಿ ಬಿಡಮ್ಮ. ಶತ್ರು ಹಡಗು ನಮ್ಮ ತಲೆ ಮೇಲಿದ್ದಾಗ ಗೆಳೆಯನೊಬ್ಬನ ಕೈ ಕಬ್ಬಿಣದ ಬಾಗಿಲಿಗೆ ಸಿಕ್ಕಿ ಜಜ್ಜಿಹೋಯ್ತು. ಸದ್ದಾದ್ರೆ ನಾವೆಲ್ಲ ಸಾಯ್ತೀವಿ ಅಂತ, ಪಾಪ, ಬಾಯಿಗೆ ಟೋಪಿ ತುರುಕಿಕೊಂಡು ಕೂತಿದ್ದ.” ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಕಿವಿ ಹತ್ತಿರವೇ ಅವಳು ಅರಚುತ್ತಿದ್ದರೂ, ಅಳು ತಾನಾಗಿ ಮುಗಿಯುವವರೆಗೆ ಹಜಾರದಲ್ಲಿ ಓಡಾಡಿದರು.