ವರದಿಯಲ್ಲಿ ಇಲ್ಲದ ಯಮನಪ್ಪ

ಹೋದ ರವಿವಾರ ನಾನು ಒಂದು ಹಾಲ್ ತುಂಬ ಜನರ ಎದುರು ಸುಳ್ಳು ಓದಿದೆ. ಗಟ್ಟಿ ದನಿಯಲ್ಲಿ, ಉಚ್ಚಾರ ತಪ್ಪದೆ ಓದಿದೆ. ಜನ ಚಪ್ಪಾಳೆ ತಟ್ಟಿದರು.

ಪೂರಾ ಸುಳ್ಳು ಅನ್ನುವ ಹಾಗೂ ಇಲ್ಲ. ಕಾಯದೆ ತಿಳಿದವರು ನೋಡಿದರೆ ಅದರಲ್ಲಿ ಒಂದು ಅಕ್ಷರವೂ ತಪ್ಪು ಸಿಗುವುದಿಲ್ಲ. ನನಗೆ ಸಿಟ್ಟು ಬಂದಿರುವುದೇ ಅದಕ್ಕೆ.

ನಮ್ಮ ವಿಜಾಪುರದ ಟಪಾಲು ನೌಕರರ ಸಂಘದ ಶಾಖೆಗೆ ವಾಮನರಾಯರು ಕಾರ್ಯದರ್ಶಿ. ಟಪಾಲು ಕಚೇರಿಯಲ್ಲಿ ಕಾರಕೂನರು, ನಮ್ಮ ಓಣಿಯವರೇ. ವಾರ್ಷಿಕ ಸಭೆಗೆ ನಾಲ್ಕು ದಿನ ಮೊದಲು ವರದಿಯ ಕಾಗದ ಹಿಡಿದು ಮನೆಗೆ ಬಂದರು.

"ಮಾಸ್ತರ, ಇದರ ಕನ್ನಡ ಒಂದೀಟ ನೋಡ್ರಿ. ಅರ್ಜಿ ಬರದು ಬರದು ನಮ್ಮ ಕೈ ಒಣಗ್ಯದ. ಮೀಟಿಂಗಿನ್ಯಾಗೂ ನೀವ ಓದಬೇಕು. ನಿಮ್ಮ ದನಿ ಛಲೋ ಅದ."

(ಹೊಗಳಿದರೆ ನಾನು ಏನು ಬೇಕಾದರೂ ಓದುತ್ತೇನೆ. ಈ ಅಂಕಣದ ಓದುಗರಿಗೆ ಅದು ಹೊಸ ಸಂಗತಿಯಲ್ಲ.)

ಕಷ್ಟದ ವರ್ಷ ಅದು. ನಿಮಗೂ ನೆನಪಿರಬೇಕು. ಟಪಾಲಿನವರು ಮುಷ್ಕರ ಹೂಡಿದ್ದರು, ನಮ್ಮ ಕಡೆಯ ಮಾತಿನಲ್ಲಿ ಸಂಪು. ಕಚೇರಿಯ ಬಾಗಿಲ ಮುಂದೆ ಬಿಸಿಲಲ್ಲಿ ಕೂತಿದ್ದರು. ಒಳಗೆ ಕಾಗದಗಳ ರಾಶಿ, ಹೊರಗೆ ಪೊಲೀಸರು. ಕೂತವರ ಮನೆಮನೆಗೆ ನೌಕರಿ ಹೋಗುತ್ತದೆ ಎಂಬ ನೋಟೀಸು ಹೋಗಿತ್ತು. ಕೊನೆಗೆ ಮೇಲಿನವರು ಬಗ್ಗಿದರು. ಎಲ್ಲರೂ ಕೆಲಸಕ್ಕೆ ಮರಳಿದರು.

ವರದಿಯ ಕಡೆಯ ಪುಟದಲ್ಲಿ ವಾಮನರಾಯರು ಹೀಗೆ ಬರೆದಿದ್ದರು: "ಮುಷ್ಕರದಿಂದ ಯಾವ ಸದಸ್ಯರ ನೌಕರಿಗೂ ಧಕ್ಕೆ ಬಂದಿಲ್ಲ." ನನಗೆ ಅದು ಸಪ್ಪೆ ಅನ್ನಿಸಿತು. ಹೊಡೆದು ಹಾಕಿ, ಮೇಲೆ ನನ್ನ ಅಕ್ಷರದಲ್ಲಿ ಬರೆದೆ: "ನಮ್ಮ ಶಾಖೆಯ ಒಬ್ಬನೇ ಒಬ್ಬ ಸದಸ್ಯನ ಬಾಯಿಂದಲೂ ತುತ್ತು ಜಾರಲಿಲ್ಲ."

ಎಂಥ ವಾಕ್ಯ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಭೆ ಗೋಳಗುಮ್ಮಟದ ಹತ್ತಿರದ ಒಂದು ಶಾಲೆಯಲ್ಲಿ. ತಿಕೋಟಾ, ಬಬಲೇಶ್ವರದ ಕಡೆಯಿಂದಲೂ ಪೋಸ್ಟಮನ್ನರು ಬಂದಿದ್ದರು. ಅಧ್ಯಕ್ಷರಿಗೆ ಮಾಲೆ ಆಯಿತು. ನಾನು ಓದುತ್ತ ಓದುತ್ತ ಆ ವಾಕ್ಯಕ್ಕೆ ಬಂದೆ. ಓದಿದೆ. ಚಪ್ಪಾಳೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಆ ಸಾಲ ಇನ್ನೊಮ್ಮೆ ಓದ್ರಿ ಮಾಸ್ತರ."

ಸುಮಾರು ಐವತ್ತರ ಆಳು. ತಲೆಗೆ ಮಾಸಿದ ರುಮಾಲು. ಹಾಲ್‌ನೊಳಗೆ ಬಂದಿರಲಿಲ್ಲ, ಹೊಸ್ತಿಲ ಹೊರಗೆ ನಿಂತಿದ್ದ. ಮೆಚ್ಚಿ ಕೇಳುತ್ತಿದ್ದಾನೆ ಅಂದುಕೊಂಡು (ನನ್ನ ಬುದ್ಧಿಗೆ ಏನನ್ನಬೇಕು?) ನಾನು ಇನ್ನೊಮ್ಮೆ, ಇನ್ನಷ್ಟು ರಾಗವಾಗಿ ಓದಿದೆ.

"ಹಂಗಾರ ನಾ ಯಾರ್ರಿ?" ಅಂದ ಅವನು.

ನನಗೆ ಅವನು ಯಾರೆಂದು ನಿಜಕ್ಕೂ ಗೊತ್ತಿರಲಿಲ್ಲ. ಹಾಲ್‌ನಲ್ಲಿದ್ದ ಉಳಿದವರಿಗೆಲ್ಲ ಗೊತ್ತಿತ್ತು. ಅವರು ನೆಲ ನೋಡುತ್ತಿದ್ದರು.

ಅವನ ಹೆಸರು ಯಮನಪ್ಪ. ಇಪ್ಪತ್ತು ವರ್ಷ ವಿಜಾಪುರದಿಂದ ತಿಕೋಟಾಕ್ಕೆ ಟಪಾಲು ಚೀಲ ಹೊತ್ತು ನಡೆದವನು. ಆಫೀಸಿನ ಮಾತಿನಲ್ಲಿ ಇವನು ರನ್ನರ್. ಮುಷ್ಕರದ ಮೊದಲ ದಿನ ಬೆಳಿಗ್ಗೆ ಎಂದಿನಂತೆ ಬಂದ. ಒಳಗಿನ ಸಾಹೇಬರು ಹೇಗೋ ಒಂದು ಚೀಲ ತಯಾರಿಟ್ಟಿದ್ದರು. ಒಂದು ಚೀಲ ಹೊರಟರೂ ಸಾಕು, ಟಪಾಲು ನಡೆದಿದೆ ಎಂದು ಮೇಲಕ್ಕೆ ತಂತಿ ಕಳಿಸಬಹುದಲ್ಲ? ಯಮನಪ್ಪ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದ. ಬಾಗಿಲಲ್ಲಿ ವಾಮನರಾಯರು ಅಡ್ಡ ನಿಂತು ಕೈಮುಗಿದರು. "ಯಮನಪ್ಪಾ, ಇವತ್ತ ಚೀಲ ಇಳಸಪಾ. ನೀನೂ ನಮ್ಮಾಂವ ಇದ್ದೀ" ಅಂದರು.

ಇಳಿಸಿದ. ಒಂದು ಮಾತೂ ಕೇಳದೆ ಇಳಿಸಿ, ಅವರ ಜೊತೆ ನೆಲದ ಮೇಲೆ ಕೂತ. ಮುಷ್ಕರ ಮುಗಿಯುವ ತನಕ ಕೂತ.

ಮುಗಿದ ಮರುದಿನ ಕೆಲಸಕ್ಕೆ ಹೋದರೆ ಅವನ ಚೀಲವನ್ನು ಬೇರೆ ಒಬ್ಬ ಹೊರುತ್ತಿದ್ದ.

ಕಾರಕೂನನನ್ನು ತೆಗೆಯಬೇಕಾದರೆ ವಿಚಾರಣೆ ಬೇಕು, ಲಿಖಿತ ಹುಕುಂ ಬೇಕು. ಯಮನಪ್ಪ ಡಿಪಾರ್ಟಮೆಂಟಿನ ಪೂರಾ ನೌಕರನಲ್ಲ. ಅವನಿಗೆ "ನಾಳೆಯಿಂದ ಬರಬೇಡ" ಅಂದರೆ ಸಾಕಾಗುತ್ತದೆ. ಪೂರಾ ನೌಕರನಲ್ಲವಾದ್ದರಿಂದ ಸಂಘಕ್ಕೂ ಅವನು ಸದಸ್ಯನಲ್ಲ. ಸದಸ್ಯನಲ್ಲವಾದ್ದರಿಂದ ನಾನು ಬರೆದ ವಾಕ್ಯದಲ್ಲಿ ತಪ್ಪಿಲ್ಲ. ನೋಡಿದಿರಾ, ಲೆಕ್ಕಾಚಾರ ಎಷ್ಟು ಚೊಕ್ಕಟವಾಗಿದೆ?

ವಾಮನರಾಯರು ಎದ್ದು ಇದನ್ನೇ ಹೇಳಿದರು. ದನಿ ಮಾತ್ರ ಬಹಳ ಸಣ್ಣದಾಗಿತ್ತು. "ಯಮನಪ್ಪಾ, ರೂಲಿನ ಪ್ರಕಾರ ನೀ ಮೆಂಬರ ಅಲ್ಲಪಾ."

"ಹೌದ್ರಿ. ಚೀಲ ಇಳಸು ಅಂದಾಗ ಅದನ್ನ ಹೇಳಲಿಲ್ಲಲ್ರಿ ನೀವು."

ಅವನು ಕೂಗಲಿಲ್ಲ. ಬೈಯಲಿಲ್ಲ. ಹೊತ್ತೆಷ್ಟಾಯಿತು ಎಂದು ಕೇಳುವವರ ದನಿಯಲ್ಲಿ ಹೇಳಿದ.

ಆಗ ಬಬಲೇಶ್ವರದ ಪೋಸ್ಟಮನ್ ಗುರುಬಸಪ್ಪ ಎದ್ದ. ದೊಡ್ಡ ಆಳು, ಹೆಚ್ಚು ಮಾತಾಡುವವನಲ್ಲ. "ಈ ವರದಿ ಪಾಸ್ ಮಾಡಬ್ಯಾಡ್ರಿ. ಮೊದಲ ಇಂವನ ಸುದ್ದಿ ಇತ್ಯರ್ಥ ಆಗಲಿ. ನಾವು ನಮ್ಮ ಹೆಂಡ್ರು ಮಕ್ಕಳ ಮುಂದ ಸಂಪು ಗೆದ್ದೇವಿ ಅಂತ ಹೇಳಾಕತ್ತೇವಿ. ಇಂವಾ ಏನ ಹೇಳಬೇಕು?"

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು. ಈ ವಿಷಯ ಇವತ್ತಿನ ಪಟ್ಟಿಯಲ್ಲಿ ಇಲ್ಲ, ಚರ್ಚೆಗೆ ಬರುವ ಹಾಗಿಲ್ಲ ಅಂದರು. ನನ್ನ ಕಡೆ ತಿರುಗಿ, "ಮಾಸ್ತರ, ಮುಂದ ಓದ್ರಿ" ಅಂದರು.

ನಾನು ಓದಿದೆ.

ಯಾಕೆ ಓದಿದೆ? ಈ ಪ್ರಶ್ನೆ ರವಿವಾರದಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿದೆ, ಶಾಲೆಗೆ ಬರುತ್ತಿದೆ. ಕಾಗದವನ್ನು ಮೇಜಿನ ಮೇಲಿಟ್ಟು ಕೆಳಗೆ ಇಳಿದುಬಿಡಬಹುದಿತ್ತು. ಯಾರೂ ನನ್ನನ್ನು ನೌಕರಿಯಿಂದ ತೆಗೆಯುತ್ತಿರಲಿಲ್ಲ. ಆದರೂ ದೊಡ್ಡವರು ಓದು ಅಂದಾಗ ಓದಿಬಿಡುವ ಹಾಳು ರೂಢಿ. ಕೊನೆಯ ಸಾಲಿನ ತನಕ ಓದಿದೆ. ಕೈ ಎತ್ತಿದರು, ವರದಿ ಪಾಸಾಯಿತು. ಎತ್ತದೆ ಕೂತವರು ಗುರುಬಸಪ್ಪ, ಮತ್ತೆ ಹಿಂದಿನ ಸಾಲಿನ ಇಬ್ಬರು.

ಹೊರಗೆ ಬಂದಾಗ ಯಮನಪ್ಪ ಬೇವಿನ ಗಿಡದ ನೆರಳಲ್ಲಿ ಕೂತಿದ್ದ. ನಾನು ಹತ್ತಿರ ಹೋದೆ. ಈಗ ಏನು ಕೆಲಸ ಮಾಡುತ್ತಿದ್ದೀ ಎಂದು ಕೇಳಿದೆ.

"ಸೊಲ್ಲಾಪುರ ರಸ್ತೇದಾಗ ಮನಿ ಕಟ್ಟಾಕತ್ತಾರ್ರಿ. ಗೌಂಡ್ಯಾರ ಕೈಯಾಗ ಕಲ್ಲ ಹೊರತೇನಿ. ಹೆಗಲಿಗೆ ರೂಢಿ ಐತಲ್ರಿ." ಆಮೇಲೆ ನನ್ನ ಮುಖ ನೋಡಿ ಕೇಳಿದ: "ಪೇಪರಿನ್ಯಾಗ ಬರಿಯೋ ಮಾಸ್ತರ ನೀವ ಏನ್ರಿ?"

ಹೌದು ಅಂದೆ.

"ನಿಮ್ಮ ಪೇಪರಿನ ಕಟ್ಟ ಶುಕ್ರವಾರ ಬರತಿತ್ರಿ. ಆವತ್ತ ಚೀಲ ಭಾಳ ಜಡ ಇರತಿತ್ತು."

ತಿಕೋಟಾದ ಓದುಗರೇ, ನೀವು ನನಗೆ ಮೆಚ್ಚಿ ಬರೆದ ಕಾಗದಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ನನ್ನ ಬರಹ ನಿಮ್ಮ ಕಟ್ಟೆಗೆ ಬರುತ್ತಿದ್ದದ್ದು ಇವನ ಬೆನ್ನ ಮೇಲೆ. ಇಷ್ಟು ವರ್ಷ ಬಡವರ ಪರವಾಗಿ ವಾರವಾರ ಬರೆದ ನಾನು ಅದನ್ನು ಹೊರುವವನ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.

ನಾಳೆಯೇ ಅರ್ಜಿ ಬರೆದುಕೊಡುತ್ತೇನೆ, ಆ ಹೊಸಬನನ್ನು ತೆಗೆದು ನಿನ್ನನ್ನೇ ಹಾಕಬೇಕು ಎಂದು ಕೇಳೋಣ ಅಂದೆ. ಅವನು ಕೈ ಅಡ್ಡ ಮಾಡಿದ.

"ಬ್ಯಾಡ್ರಿ. ಅಂವಗ ಸಣ್ಣ ಸಣ್ಣ ಮಕ್ಕಳ ಅದಾವ. ಅಂವನ ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ. ನನಗ ಬ್ಯಾರೆ ಯಾವುದಾರ ಟಪಾಲಿನ ಹಾದಿ ಕೊಡ್ಲಿ. ನಾ ಕೇಳಾಕ ಬಂದಿದ್ದು ಅದಲ್ರಿ. ಇವರು ಮನಸ್ಸಿನ್ಯಾಗ ನನ್ನ ಇಟ್ಕೊಂಡಾರೋ ಇಲ್ಲೋ ಅಂತ ನೋಡಾಕ ಬಂದಿದ್ದೆ."

ನೋಡಿದ. ಎದ್ದು ಹೋದ.

ಸೋಮವಾರ ಸಂಜೆ ನಾನೂ ಗುರುಬಸಪ್ಪನೂ ವಾಮನರಾಯರ ಮನೆಗೆ ಹೋದೆವು. ಜಗಳಕ್ಕೇ ಹೋಗಿದ್ದೆ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಅವರು ನಮ್ಮನ್ನು ನೋಡಿದ ಕೂಡಲೇ ತಾವೇ ಮಾತು ತೆಗೆದರು.

"ನಾ ಅವನ ಸಲುವಾಗಿ ಸಾಹೇಬರ ಕಡೆ ಎರಡು ಸಲ ಹೋಗೀನಿ ಮಾಸ್ತರ. ಆ ರನ್ನರನ ಹೆಸರು ಎತ್ತಿದ್ರ ಎಲ್ಲಾರ ಸಂಪಿನ ಫೈಲೂ ಮತ್ತ ತಗೀತೀನಿ ಅಂದ್ರು. ನಲವತ್ತು ಮನಿ ಉಳಸಬೇಕಿತ್ತು. ಒಂದು ಮನಿ ಬಿಟ್ಟೆ."

ಇಷ್ಟು ಹೇಳಿ ಮುಖ ಒರೆಸಿಕೊಂಡರು. ನನಗೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಹೆದರಿಕೆ ನನಗೂ ಅರ್ಥವಾಗುತ್ತದೆ. ಹೆದರಿದ್ದು ತಪ್ಪಲ್ಲ. ಆದರೆ ಹೆದರಿದೆವು ಎಂದು ವರದಿಯಲ್ಲಿ ಬರೆಯಬಹುದಿತ್ತಲ್ಲ? ಒಬ್ಬನನ್ನು ಬಿಟ್ಟುಬಂದು, ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂದು ಚಪ್ಪಾಳೆ ತಟ್ಟಿಸಿಕೊಳ್ಳುವುದೇ? ಅದಕ್ಕೆ ನಾನು ಅಲಂಕಾರ ಬೇರೆ ಹಚ್ಚಿಕೊಟ್ಟೆ.

ಗುರುಬಸಪ್ಪ ಕೇಳಿದ್ದು ಒಂದೇ ಮಾತು. "ರಾಯರ, ನಿಮ್ಮ ರೂಲಿನ ಪುಸ್ತಕ ಕೊಡ್ರಿಲ್ಲೆ."

ಕೊಟ್ಟರು. ಇಂಗ್ಲಿಷ್ ಪುಸ್ತಕ. ನಾನು ಓದಿ ಹೇಳಿದೆ. ಹದಿನೈದು ಸದಸ್ಯರು ಸಹಿ ಮಾಡಿ ಕೇಳಿದರೆ ಸಭೆಯನ್ನು ಮತ್ತೆ ಕರೆಯಲೇಬೇಕು ಎಂದು ಅದರಲ್ಲೇ ಇದೆ. ಯಮನಪ್ಪನನ್ನು ಹೊರಗಿಟ್ಟ ಪುಸ್ತಕವೇ ಅದು. ಇನ್ನೊಂದು ಪುಟ ತಿರುವುವ ತೊಂದರೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ.

ಅಲ್ಲಿಯೇ ಕಾಗದ ಬರೆದೆವು. ಆ ವಾಕ್ಯ ತೆಗೆಯಬೇಕು. ನಡೆದದ್ದನ್ನು ಯಮನಪ್ಪನ ಹೆಸರು ಹಾಕಿ ವರದಿಯಲ್ಲಿ ಬರೆಯಬೇಕು. ಅವನಿಗೆ ಬೇರೆ ಹಾದಿಯಲ್ಲಿ ಕೆಲಸ ಕೊಡಿ ಎಂದು ಶಾಖೆ ತನ್ನ ಹೆಸರಿನಲ್ಲೇ ಕೇಳಬೇಕು. ಗುರುಬಸಪ್ಪ ಮೊದಲು ಸಹಿ ಮಾಡಿದ. ವಾಮನರಾಯರು ಲೇಖನಿ ತೆಗೆದುಕೊಂಡು ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿದರು. ಆಮೇಲೆ ಅವರೂ ಮಾಡಿದರು. ಪೂರ್ತಿ ಹೆಸರು ಬರೆದರು.

ಈ ವಾರವೆಲ್ಲ ಗುರುಬಸಪ್ಪ ಆ ಕಾಗದ ಹಿಡಿದು ಮನೆ ಮನೆ ತಿರುಗಿದ್ದಾನೆ. ನಿನ್ನೆಯ ತನಕ ಬಂದದ್ದು ಹದಿನೈದರಲ್ಲಿ ಆರು ಸಹಿ.

ಉಳಿದವರು ಏನನ್ನುತ್ತಾರೆ ಗೊತ್ತೇ? ಒಬ್ಬರಿಗೆ ಮಗಳ ಲಗ್ನ ಮುಗಿಯಬೇಕಂತೆ. ಇನ್ನೊಬ್ಬರು ಈ ಸಾಹೇಬರು ವರ್ಗವಾಗಿ ಹೋಗಲಿ ಅನ್ನುತ್ತಾರೆ. ಮತ್ತೊಬ್ಬರು, "ಅಂವ ತಾನ ಸುಮ್ಮನದಾನ, ನಿಮಗ್ಯಾಕ ಉಸಾಬರಿ?" ಅಂದರಂತೆ. ಅವನು ಸುಮ್ಮನಿರುವುದು ಅವನ ದೊಡ್ಡತನ. ಅದನ್ನು ನೀವು ನಿಮ್ಮ ಅನುಕೂಲಕ್ಕೆ ಬಳಸಿಕೊಳ್ಳುವುದಕ್ಕೆ ಏನು ಹೆಸರು?

ಸದಸ್ಯ ಮಿತ್ರರೇ, ಇದನ್ನು ನೀವು ಓದುತ್ತೀರಿ ಎಂದು ನನಗೆ ಗೊತ್ತು. ಪತ್ರಿಕೆ ನಿಮ್ಮ ಕೈ ಮೇಲೆಯೇ ಹಾದು ಹೋಗುತ್ತದೆ. ತಿಕೋಟಾದ ಹಾದಿಯಲ್ಲಿ ಈಗ ನಡೆಯುತ್ತಿರುವ ಆ ಹೊಸ ರನ್ನರನಿಗೂ ಎಲ್ಲ ಸುದ್ದಿ ಮುಟ್ಟಿದೆ. ಮುಂದೆ ಮತ್ತೊಂದು ಮುಷ್ಕರ ಬಂದ ದಿನ, ಅವನ ಎದುರು ನಿಂತು "ನೀನೂ ನಮ್ಮವನು" ಅನ್ನಲು ನಿಮ್ಮಲ್ಲಿ ಯಾರಿಗೆ ಬಾಯಿ ಬರುತ್ತದೆ?