ಎದುರುದನಿಗೆ ಕಾದ ಮಾಸ್ತರರು

ನಮ್ಮ ಇಂಗ್ಲಿಷ್ ಮಾಸ್ತರರ ಎಡಗಿವಿಯ ಹಿಂದೆ ಸದಾ ಸೀಮೆಸುಣ್ಣದ ಬಿಳಿ ಮೆತ್ತಿರುತ್ತಿತ್ತು. ಒಂದು ಸಾಲು ಹಾಡಿ, ಸುಣ್ಣದ ಕೈಯನ್ನು ಹಾಗೇ ಕಿವಿಯ ಹಿಂದೆ ಹಿಡಿದು, ನಾವು ಮುಂದಿನ ಸಾಲು ಹಾಡುವುದನ್ನು ಕೇಳುವುದು ಅವರ ಅಭ್ಯಾಸ. ತಲೆಗಿಂತ ಮೊದಲು ಕಿವಿಗೆ ನರೆ ಬಂದಿದೆ ಎಂದು ನಾವು ಕಿಸಕ್ಕನೆ ನಗುತ್ತಿದ್ದೆವು.

ಹೊನ್ನಾವರದ ಒಂದು ಹೈಸ್ಕೂಲು ಅದು. ಮುಂಬಯಿ ಇಲಾಖೆಯ ಕಾಲ. ದಿನಾ ಬೆಳಿಗ್ಗೆ ಇಂಗ್ಲೆಂಡಿನ ರಾಜನ ಹಾಡು ಹೇಳಲೇಬೇಕಿತ್ತು. ಬೇರೆ ಶಾಲೆಗಳಲ್ಲಿ ಎಲ್ಲರೂ ಒಟ್ಟಿಗೆ ಗೊಣಗಿ ಮುಗಿಸುತ್ತಿದ್ದರಂತೆ. ನಮ್ಮಲ್ಲಿ ಹಾಗಲ್ಲ. ಮಾಸ್ತರರು ಒಬ್ಬರೇ ಒಂದು ಕಡೆ ನಿಂತು ಒಂದು ಸಾಲು ಹೇಳಬೇಕು, ಎದುರು ನಿಂತ ನಾವೆಲ್ಲ ಮುಂದಿನದು. ನಮ್ಮ ಕಡೆ ಮೊದಲು ದನಿ ಎತ್ತುವವಳು ನಾನು. ಇದ್ದ ನಾಲ್ಕು ಹುಡುಗಿಯರಲ್ಲಿ ಬಾಯಿ ಜೋರು ನನ್ನದೇ.

"ಆಂಥೆಮ್ ಅಂದ್ರೆ ಎಂತ?" ಎಂದು ಅವರು ಒಮ್ಮೆ ಕೇಳಿದರು.

"ರಾಜನ ಹಾಡು ಸರ್."

"ಥೋ! ರಾಜ ನಿನ್ನೆ ಮೊನ್ನೆ ಬಂದು ಕೂತವ. ಅವನಿಗಿಂತ ಮೊದಲು ಅಲ್ಲಿ ದೇವರಿದ್ದ."

ಆಮೇಲೆ ಬಿಡಿಸಿ ಹೇಳಿದರು: ಗ್ರೀಕರ ಮಾತಿನಲ್ಲಿ ಆಂಟಿ ಎಂದರೆ ಎದುರು, ಫೋನೆ ಎಂದರೆ ದನಿ. ಹಿಂದೆ ಚರ್ಚಿನಲ್ಲಿ ಹಾಡುವವರು ಎರಡು ಪಂಗಡವಾಗಿ ಎದುರುಬದುರು ನಿಲ್ಲುತ್ತಿದ್ದರು. ಇವರು ಒಂದು ಸಾಲು, ಅವರು ಒಂದು ಸಾಲು. ಆ ಎರಡೂ ಸೇರಿದ ಪದವೇ ಇಂಗ್ಲಿಷರ ಬಾಯಲ್ಲಿ ಸವೆದು ಆಂಥೆಮ್ ಆಯಿತು, ದೇವರ ಹಾಡು ಬರಬರುತ್ತ ದೇಶದ ಹಾಡಾಯಿತು. "ಎದುರುದನಿ ಮಾತ್ರ ದಾರಿಯಲ್ಲಿ ಬಿದ್ದೋತು," ಎಂದು ಮಾಸ್ತರರು ನಿಟ್ಟುಸಿರು ಬಿಟ್ಟರು.

ಅಷ್ಟಕ್ಕೇ ಬಿಡುವವರಲ್ಲ. ಒಂದು ಶನಿವಾರ ನಮ್ಮನ್ನು ತಮ್ಮೂರು ಮಂಕಿಯ ಕಡಲ ದಂಡೆಗೆ ಕರೆದೊಯ್ದರು. ಅಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಬಲೆಯ ಎರಡು ತುದಿಗೆ ಎರಡು ಹಗ್ಗ, ಒಂದೊಂದಕ್ಕೂ ಮೂವತ್ತು ನಲವತ್ತು ಜನ. ಈ ಕಡೆಯವರು "ಐಸಾ" ಎಂದರೆ ಆ ಕಡೆಯವರು "ಬೈಲೇಸಾ" ಎಂದು ಜಗ್ಗುವರು.

"ಕಂಡ್ರಾ? ಇದೇ ಆಂಥೆಮ್. ಒಂದು ಕಡೆಯವರು ಸುಮ್ಮನಾದ್ರೆ ಬಲೆ ಓರೆ ಆತು, ಮೀನೆಲ್ಲ ಹೋತು."

ನಲವತ್ತೆರಡರಲ್ಲಿ ಊರೂರಲ್ಲಿ ಚಳವಳಿ ಎದ್ದಿತು. ಇನ್‌ಸ್ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುವ ಸುದ್ದಿ ಬಂದದ್ದೇ ತಡ, ನಾವು ಬಾವಿಕಟ್ಟೆಯ ಹತ್ತಿರ ಸೇರಿ ರಾಜನ ಹಾಡಿಗೆ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಕೊಂಡೆವು.

"ಮಾಸ್ತರರಿಗೆ ಹೇಳೂದಾ?" ಎಂದೆ ನಾನು.

"ಬ್ಯಾಡ. ಅವ್ರು ಸರಕಾರದ ಸಂಬಳ ತಿಂಬವ್ರು," ಎಂದ ಹಿರೇಗುತ್ತಿಯಿಂದ ಬರುತ್ತಿದ್ದ ಒಬ್ಬ ಹುಡುಗ.

"ಆತು," ಎಂದೆ. ಆ ಒಂದು ಮಾತು ನನ್ನ ಬಾಯಿಂದ ಯಾಕಾದರೂ ಬಂತೋ!

ಮರುದಿನ ಸಾಹೇಬರು ಕುರ್ಚಿಯಲ್ಲಿ ಕೂತರು. ಮಾಸ್ತರರು ಮೊದಲ ಸಾಲು ಹಾಡಿ ಕೈಯನ್ನು ಕಿವಿಯ ಹಿಂದೆ ಹಿಡಿದರು. ಯಾರೂ ತುಟಿ ಬಿಚ್ಚಲಿಲ್ಲ. ಮರೆತಿದ್ದೇವೆಂದುಕೊಂಡರೋ ಏನೋ, ಇನ್ನೊಮ್ಮೆ ಹಾಡಿದರು. ಮೂರನೇ ಸಲ ನನ್ನೊಬ್ಬಳನ್ನೇ ನೋಡುತ್ತ ಹಾಡಿದರು. ದನಿ ನಡುವೆಯೇ ಒಡೆಯಿತು. ನಾನು ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದೆ. ಅವರ ಕೈ ಮಾತ್ರ ಕಿವಿಯಿಂದ ಇಳಿಯಲೇ ಇಲ್ಲ.

ಎದುರು ನಿಲ್ಲಿಸುವ ಪದ್ಧತಿ ಅವರದೇ, ಆದ್ದರಿಂದ ಈ ಕಿತಾಪತಿಯೂ ಅವರದೇ ಎಂದು ಸಾಹೇಬರು ತೀರ್ಮಾನಿಸಿದರು. ವಾರದಲ್ಲಿ ಮಾಸ್ತರರ ಕೆಲಸ ಹೋಯಿತು. ಇತ್ತ ಪೇಟೆಯ ಹುಡುಗರು, ಮೂರು ಸಲ ಹಾಡಿದರಲ್ಲ ಎಂದು, ಅವರಿಗೆ ರಾಜನ ಬಾಲ ಎಂದು ಹೆಸರಿಟ್ಟರು. ಎರಡೂ ಕಡೆಯವರಿಗೆ ಬೇಡವಾದ ಮನುಷ್ಯ ಹಾಸಿಗೆ ಸುತ್ತಿಕೊಂಡು ಮಂಕಿಗೆ ನಡೆದರು.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ, ಅವರಿಗೆ ಕ್ಷಯ ಎಂದು ಕೇಳಿ ನೋಡಲು ಹೋದೆ. ಅವರ ಅಕ್ಕ ಬಾಗಿಲು ತೆಗೆದರು. ಮಾಸ್ತರರು ಚಾಪೆಯ ಮೇಲಿದ್ದರು. ಎಡಗಿವಿಯ ಹಿಂದೆ ಬಿಳಿ ಇರಲಿಲ್ಲ. ನಾನು ಚಾಪೆಯ ಪಕ್ಕ ಕೂತೆ.

"ತಪ್ಪಾಯ್ತು ಸರ್," ಎಂದೆ.

"ಎಂತ ತಪ್ಪು ತಂಗಿ? ನೀವು ಸುಮ್ಮನಿದ್ದದ್ದು ಸರಿಯೇ." ಕೆಮ್ಮಿ, ಸುಧಾರಿಸಿಕೊಂಡು ಹೇಳಿದರು: "ಮೊದಲೇ ಒಂದು ಮಾತು ಹೇಳಿದ್ರೆ ನಾನೂ ಸುಮ್ಮನಿರ್ತಿದ್ದೆ. ಅಷ್ಟೂ ನಂಬಿಕೆ ಬರ್ಲಿಲ್ಲ ಅಲ್ಲ ನಿಮಗೆ?"

ಸಂಬಳ ಹೋದದ್ದಕ್ಕಲ್ಲ, ಅವರು ಬೆಂದದ್ದು ಇದಕ್ಕೆ.

ಹೊರಡುವಾಗ ಅವರು ನಕ್ಕು, ಕ್ಷೀಣ ದನಿಯಲ್ಲಿ "ಐಸಾ" ಎಂದರು. ಎಲುಬಿನಂಥ ಕೈ ಮೆಲ್ಲಗೆ ಎದ್ದು ಕಿವಿಯ ಹಿಂದೆ ಹೋಯಿತು.

ನಾನು "ಬೈಲೇಸಾ" ಎಂದಿದ್ದರೆ ಸಾಕಿತ್ತು. ಅಳು ಬಂತು, ಸೆರಗು ಬಾಯಿಗೆ ತುರುಕಿಕೊಂಡು ಅಂಗಳಕ್ಕೆ ಓಡಿಬಂದೆ. ಈ ಎರಡನೇ ಮೌನಕ್ಕೆ ದೇಶದ ನೆಪವೂ ಇರಲಿಲ್ಲ. ಮೂರನೇ ದಿನ ಅವರು ತೀರಿಕೊಂಡರು.

ಈಗಲೂ ರಾಷ್ಟ್ರಗೀತೆ ಮುಗಿದು ಎಲ್ಲರೂ ಕೂತ ಮೇಲೆ ನನಗೆ ಕೂರಲಾಗುವುದಿಲ್ಲ. ಎದುರಿಗೆ ಯಾರೋ ಕಿವಿಯ ಹಿಂದೆ ಕೈ ಹಿಡಿದು ನಿಂತ ಹಾಗೆ ಅನಿಸುತ್ತದೆ. ಮೊಮ್ಮಗಳು ಸೆರಗು ಜಗ್ಗುತ್ತಾಳೆ: "ಅಮ್ಮಮ್ಮ, ಹಾಡು ಮುಗೀತು, ಕೂತ್ಕೊ."

ಮುಗಿದಿಲ್ಲ ಮಗಾ. ಅವರು ಅವರ ಸಾಲು ಹೇಳಿದ್ದಾರೆ. ಇನ್ನು ಹೇಳಬೇಕಾದವಳು ನಾನು.